ತಮ್ಮನ ನೀರು

ಬೆಂಗಳೂರಿನ ಅವೆನ್ಯೂ ರಸ್ತೆಯ ಪಕ್ಕದ ಓಣಿಯಲ್ಲಿದ್ದ ನಮ್ಮ ಹಳೆಯ ಮನೆಯನ್ನು ಈ ವರ್ಷ ಕೆಡವಿದರು. ದೊಡ್ಡಪ್ಪನ ಮಕ್ಕಳು, ನಾವು, ಎಲ್ಲರೂ ಸಹಿ ಹಾಕಿ ಮಾರಿದ ಮನೆ. ಕೊನೆಯ ಸಲ ನೋಡಿ ಬರೋಣವೆಂದು ಹೋದಾಗ ಮುಂದಿನ ಗೋಡೆ ಬಿದ್ದುಹೋಗಿ ಹಿಂದಿನ ಬಚ್ಚಲುಮನೆ ಬೀದಿಗೇ ಕಾಣುತ್ತಿತ್ತು. ಮಸಿ ಹಿಡಿದ ತಾಮ್ರದ ಹಂಡೆಯನ್ನು ಒಲೆಯಿಂದ ಕಿತ್ತು ಗುಜರಿಯವನು ತೂಕಕ್ಕೆ ಇಡುತ್ತಿದ್ದ. ಪಕ್ಕದಲ್ಲಿ ಇನ್ನೂ ಒಡೆಯದೆ ಉಳಿದಿದ್ದ ಸಿಮೆಂಟಿನ ತೊಟ್ಟಿ. ಮೇಸ್ತ್ರಿ ಅದರ ಅಂಚಿನ ಮೇಲೆ ಕೈಯಾಡಿಸಿ, "ನೀರು ತುಂಬೋ ತೊಟ್ಟಿಗೆ ಇಷ್ಟು ನುಣ್ಣಗೆ ಯಾರಮ್ಮಾ ಪಾಲಿಶ್ ಮಾಡಿಸ್ತಾರೆ? ಮೂಲೆಗಳನ್ನೂ ಗುಂಡಗೆ ಮಾಡಿಸಿದ್ದೀರಿ" ಅಂದ. ಅದರಲ್ಲಿ ನನ್ನ ತಮ್ಮ ಮಲಗುತ್ತಿದ್ದ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಹೇಳುವಷ್ಟು ಪುರುಸೊತ್ತು ಅಲ್ಲಿ ಇರಲೂ ಇಲ್ಲ.

ಅಪ್ಪನದು ಲೆಕ್ಕದ ಪುಸ್ತಕ ಹೊಲಿಯುವ ಬೈಂಡಿಂಗ್ ಅಂಗಡಿ. ತರಗುಪೇಟೆಯ ಮಂಡಿಗಳಿಗೆ, ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಗೆ ಯುಗಾದಿ, ದೀಪಾವಳಿ ಹೊತ್ತಿಗೆ ಕೆಂಪು ಬಟ್ಟೆಯ ಹೊದಿಕೆಯ ಖಾತೆ ಪುಸ್ತಕಗಳನ್ನು ಕಟ್ಟಿಕೊಡುತ್ತಿದ್ದರು. ಕಟಿಂಗ್ ಮಿಷನ್ನಿನ ಕೆಳಗೆ ಬಿದ್ದ ಕಾಗದದ ಎಳೆಗಳನ್ನು ಗೋಣಿಚೀಲದಲ್ಲಿ ತುಂಬಿ ಮನೆಗೆ ತರುತ್ತಿದ್ದರು. ನಮ್ಮ ಹಂಡೆಯ ಒಲೆ ಉರಿಯುತ್ತಿದ್ದದ್ದು ಮರದ ಹೊಟ್ಟು ಮತ್ತು ಆ ಕಾಗದದ ಚೂರಿನಿಂದ. ಬೇರೆಯವರ ಮನೆಯಲ್ಲಿ ಶನಿವಾರಕ್ಕೊಮ್ಮೆ ಎಣ್ಣೆನೀರಾದರೆ ನಮ್ಮಲ್ಲಿ ದಿನ ಬಿಟ್ಟು ದಿನ ಹಂಡೆ ತುಂಬಾ ನೀರು ಕಾಯುತ್ತಿತ್ತು, ತಮ್ಮನಿಗೋಸ್ಕರ.

ಅವನು ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಹೆರಿಗೆ ತುಂಬಾ ಹೊತ್ತು ಹಿಡಿದು, ಹುಟ್ಟಿದ ಮಗು ಅಳಲಿಲ್ಲ, ಮೈ ನೀಲಿಯಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಒಂದು ವರ್ಷವಾದರೂ ಕುತ್ತಿಗೆ ನಿಲ್ಲಲಿಲ್ಲ. ಎತ್ತಿಕೊಂಡರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಳ್ಳುತ್ತಿದ್ದವು. ಮುಷ್ಟಿ ಬಿಚ್ಚುತ್ತಿರಲಿಲ್ಲ, ಹೆಬ್ಬೆರಳು ಒಳಗೇ ಸಿಕ್ಕಿಕೊಂಡಿರುತ್ತಿತ್ತು. ಓಣಿಯವರು ಪೋಲಿಯೊ ಇರಬೇಕು ಅಂದರು. ಆಗ ಪೇಟೆಯ ಪ್ರತಿ ಓಣಿಯಲ್ಲೂ ಕಾಲಿಗೆ ಕ್ಯಾಲಿಪರ್ ಕಟ್ಟಿಕೊಂಡ ಪೋಲಿಯೊ ಮಗುವೊಂದು ಇದ್ದೇ ಇರುತ್ತಿತ್ತು, ಹಾಗಾಗಿ ಕೈಕಾಲಿನ ಯಾವ ತೊಂದರೆಯಾದರೂ ಜನರ ಬಾಯಲ್ಲಿ ಪೋಲಿಯೊ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮಾತ್ರ ನಿಧಾನವಾಗಿ ಕೂರಿಸಿ ಹೇಳಿದರಂತೆ: ಮಿದುಳಿಗೆ ಉಸಿರು ಸಾಲದೆ ಪೆಟ್ಟಾಗಿದೆ, ಇದು ಸೆರೆಬ್ರಲ್ ಪಾಲ್ಸಿ, ಔಷಧಿಯಿಂದ ಹೋಗುವುದಲ್ಲ, ದಿನವೂ ಕೈಕಾಲು ಆಡಿಸಬೇಕು.

ದಿನವೂ ಆಡಿಸುವುದೆಂದರೆ ದಿನವೂ ಅಳಿಸುವುದು. ಚಾಪೆಯ ಮೇಲೆ ಮಲಗಿಸಿ ಅಮ್ಮ ಮೊಣಕಾಲು ನೀಡಿಸಲು ಹೋದರೆ ಅವನು ಇನ್ನಷ್ಟು ಸೆಟೆದುಕೊಂಡು ಕಿರುಚುತ್ತಿದ್ದ. ಹೊರಗೆ ಅಂಗಡಿ ಹುಡುಗರು ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದರು. ಹೀಗಿರುವಾಗ ಒಂದು ಶನಿವಾರ ಮೈಗೆಲ್ಲ ಹರಳೆಣ್ಣೆ ಹಚ್ಚಿ ನೀರು ಹಾಕುತ್ತಿದ್ದ ಅಮ್ಮ, ಕೈಜಾರುತ್ತದೆಂಬ ಭಯಕ್ಕೆ ಮಗುವನ್ನು ತೊಟ್ಟಿಯೊಳಗೇ ಇಳಿಸಿಕೊಂಡಳು. ಅವಳು ನನ್ನನ್ನು ಕೂಗಿದ ದನಿ ನೆನಪಿದೆ. "ಬಾರೇ ಇಲ್ಲಿ, ಇವನ ಮುಷ್ಟಿ ನೋಡು!" ಕುತ್ತಿಗೆಯ ಕೆಳಗೆ ಅಮ್ಮನ ಅಂಗೈ, ಉಳಿದ ಮೈಯೆಲ್ಲ ಬಿಸಿನೀರಿನಲ್ಲಿ. ಬೆರಳುಗಳು ಒಂದೊಂದಾಗಿ ತೆರೆದುಕೊಂಡಿದ್ದವು. ಬಳೆ ತೊಡದ ಅವಳ ಎಡಗೈ ತೊಡೆಗಳ ನಡುವೆ ಹೋಗಿ ಬಂದರೂ ಕಾಲುಗಳು ಬಿಗಿಯಲಿಲ್ಲ. ಅವನು ಸೂರಿನ ಹೆಂಚಿನ ಸಂದಿಯಿಂದ ಬರುತ್ತಿದ್ದ ಬಿಸಿಲು ನೋಡುತ್ತಿದ್ದ.

ಮುಂದಿನ ತಿಂಗಳು ಅಪ್ಪ ಗಾರೆಯವರನ್ನು ಕರೆಸಿ ತೊಟ್ಟಿಯ ಒಳಗೆ ರೆಡ್ ಆಕ್ಸೈಡ್ ಹಾಕಿಸಿ ಉಜ್ಜಿಸಿದರು. ಅಪ್ಪ ಮಗನನ್ನು ಎತ್ತಿದ್ದು ನಾನು ಕಂಡಿಲ್ಲ, ಸ್ನಾನದ ಹೊತ್ತಿಗೆ ಟವೆಲ್ ಹಿಡಿದು ಬಚ್ಚಲ ಬಾಗಿಲಲ್ಲಿ ನಿಲ್ಲುತ್ತಿದ್ದರು, ಅಷ್ಟೆ. ಬಹಳ ವರ್ಷ ಅದನ್ನು ಕಲ್ಲುಮನಸ್ಸು ಅಂದುಕೊಂಡಿದ್ದೆ. ಆ ಕಾಲದ ಗಂಡಸಿಗೆ ಅಂಥ ಮಗುವನ್ನು ಹೇಗೆ ಹಿಡಿಯಬೇಕೆಂದು ಯಾರೂ ಕಲಿಸಿರಲಿಲ್ಲ ಅನ್ನುವುದು ಈಗ ಕಾಣುತ್ತದೆ. ತೊಟ್ಟಿಯ ಮೂಲೆಗಳನ್ನು ಗುಂಡಗೆ ಮಾಡಿಸುವುದು ಅವರಿಗೆ ತಿಳಿದಿತ್ತು, ಅದನ್ನು ಮಾಡಿದರು.

ಆ ಮನೆಗೆ ನೀರು ಬರುತ್ತಿದ್ದ ರೀತಿಯನ್ನೂ ಹೇಳಬೇಕು. ಕಾವೇರಿ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ, ತಮ್ಮ ಹುಟ್ಟುವ ಸ್ವಲ್ಪ ಮೊದಲು. ಬಂದರೂ ಪೇಟೆಯ ಹಳೆಯ ಸಣ್ಣ ಪೈಪುಗಳಲ್ಲಿ ಅದು ಇಣುಕಿ ಹೋಗುತ್ತಿತ್ತು, ಅದೂ ಬೆಳಗಿನ ಜಾವ. ನಾವು ಮಾರ್ಕೆಟ್ ಅಂತ ಕರೆಯುವ ಜಾಗ ಒಂದು ಕಾಲಕ್ಕೆ ಸಿದ್ಧಿಕಟ್ಟೆ ಕೆರೆ, ಈಗಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಧರ್ಮಾಂಬುಧಿ ಕೆರೆ. ಎರಡು ಕೆರೆಗಳ ನಡುವೆ ಇದ್ದ ಪೇಟೆಯಲ್ಲಿ ಅಮ್ಮ ನಾಲ್ಕು ಗಂಟೆಗೆ ಎದ್ದು ನಲ್ಲಿಯ ಮುಂದೆ ಬಿಂದಿಗೆ ಸಾಲಿಡುತ್ತಿದ್ದಳು. ತಮ್ಮ ಮಲಗಿ ಎದ್ದ ನೀರಿನಲ್ಲೇ ಬಟ್ಟೆ, ಆಮೇಲೆ ಅದೇ ನೀರಿನಲ್ಲಿ ಅಂಗಳ. "ದಿನಾ ಒಂದು ತೊಟ್ಟಿ ನೀರು ಈ ಹುಡುಗನಿಗೆ" ಎಂದು ಬಾಡಿಗೆಯವರು ಗೊಣಗಿದ್ದಕ್ಕೆ ಅಮ್ಮ ಒಂದು ದಿನ ಅವರ ಮನೆಯ ಬಿಂದಿಗೆಗಳನ್ನೂ ತಾನೇ ತುಂಬಿಸಿ ಇಟ್ಟುಬಿಟ್ಟಳು. ಮತ್ತೆ ಗೊಣಗಲಿಲ್ಲ.

ನಾನು ಫಿಸಿಯೋಥೆರಪಿ ಓದಲು ಹೋದದ್ದು ಆ ಬಚ್ಚಲಿನಿಂದ. ಅಮ್ಮ ಕಂಡುಕೊಂಡದ್ದಕ್ಕೆ ಶಾಸ್ತ್ರದಲ್ಲಿ ಕಾರಣಗಳಿದ್ದವು. ಕುತ್ತಿಗೆಯವರೆಗೆ ನೀರಿನಲ್ಲಿರುವ ದೇಹದ ತೂಕದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂಬತ್ತು ಪಾಲನ್ನು ನೀರೇ ಹೊರುತ್ತದೆ, ಸೊಂಟದವರೆಗಾದರೆ ಸುಮಾರು ಅರ್ಧ. ನೆಲದ ಮೇಲೆ ತಲೆಯೆತ್ತಲು ಹೆಣಗುವ ಮಗುವಿಗೆ ಆ ಹೊರೆ ಇಳಿದಾಗ ಉಳಿದ ಶಕ್ತಿ ಚಲನೆಗೆ ಸಿಗುತ್ತದೆ. ನೀರು ಗಾಳಿಗಿಂತ ದಟ್ಟ, ಹಾಗಾಗಿ ಬೀಳುವುದೂ ನಿಧಾನ, ಬೀಳುವ ಮೊದಲು ಸರಿಪಡಿಸಿಕೊಳ್ಳಲು ಮಗುವಿಗೆ ಸಮಯ ಇರುತ್ತದೆ. ಎದೆಯ ಸುತ್ತ ನೀರು ಒತ್ತುವುದರಿಂದ ಉಸಿರಾಟದ ಸ್ನಾಯುಗಳಿಗೆ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು ಬಿಸಿ. 33ರಿಂದ 35 ಡಿಗ್ರಿ ಇದ್ದರೆ ಬಿಗಿತ ಸಡಿಲವಾಗುತ್ತದೆ, ಅದಕ್ಕಿಂತ ಬಹಳ ತಣ್ಣಗಾದರೆ ಮಗು ನಡುಗಿ ಮತ್ತೆ ಸೆಟೆಯುತ್ತದೆ. ಬೆಚ್ಚನೆಯ ನೀರಿನ ಚಿಕಿತ್ಸೆ ದೊಡ್ಡ ಹೆಸರು ಪಡೆದದ್ದು ಪೋಲಿಯೊ ಕಾಲದಲ್ಲಿ. ಮುಂದೆ ಅಮೆರಿಕದ ಅಧ್ಯಕ್ಷರಾದ ರೂಸ್‌ವೆಲ್ಟ್ ಪೋಲಿಯೊದಿಂದ ಸೋತ ತಮ್ಮ ಕಾಲುಗಳಿಗಾಗಿ 1924ರಲ್ಲಿ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ಗೆ ಹೋದರು, 1927ರಲ್ಲಿ ಅಲ್ಲೇ ಒಂದು ಸಂಸ್ಥೆ ಕಟ್ಟಿದರು. ಅವರ ಕಾಲುಗಳು ಮೊದಲಿನಂತಾಗಲಿಲ್ಲ. ಆದರೂ ಅವರು ಆ ನೀರಿಗೆ ಮತ್ತೆ ಮತ್ತೆ ಹೋದರು ಎಂಬುದರಲ್ಲೇ ನಾನು ಆಮೇಲೆ ಕಲಿತದ್ದರ ಅರ್ಧ ಇತ್ತು.

ನನ್ನ ಮೊದಲ ಕೆಲಸ, ಎಂಬತ್ತರ ದಶಕದ ಕೊನೆಯಲ್ಲಿ, ವಿಶೇಷ ಮಕ್ಕಳ ಒಂದು ಸಣ್ಣ ಕೇಂದ್ರದಲ್ಲಿ. ಆ ಹೊತ್ತಿಗೆ ಬೆಂಗಳೂರಿನಲ್ಲಿ ಇಂಥ ಮಕ್ಕಳಿಗೆ ದಾರಿಗಳೇ ಇರಲಿಲ್ಲ ಅನ್ನುವಂತಿಲ್ಲ. ಅಂಗವಿಕಲರ ಸಂಸ್ಥೆ ಎಪಿಡಿ 1959ರಿಂದ ಇತ್ತು, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿ ಶುರುವಾಗಿತ್ತು. ಆದರೆ ಪೇಟೆಯ ಓಣಿಗಳಿಂದ ಮಗುವನ್ನು ಸೊಂಟದ ಮೇಲೆ ಹೊತ್ತು, ಕೈಗಾಡಿ, ಹಮಾಲಿ, ಎತ್ತಿನ ಗಾಡಿ ದಾಟಿ, ಮಾರ್ಕೆಟ್ಟಿನಲ್ಲಿ ಬಸ್ಸು ಹತ್ತಿ ಊರಿನ ಇನ್ನೊಂದು ಕೊನೆಗೆ ಹೋಗುವುದು ಒಬ್ಬ ತಾಯಿಗೆ ಇಡೀ ದಿನದ ಕೆಲಸ. ನಮ್ಮ ಕೇಂದ್ರ ಅಂಥವರಿಗೆಂದೇ ಹತ್ತಿರದಲ್ಲಿ ತೆರೆದದ್ದು. ಅದನ್ನು ನಡೆಸುತ್ತಿದ್ದ ಹಿರಿಯರೊಬ್ಬರು, ನಾವೆಲ್ಲ ಮೇಡಂ ಎನ್ನುತ್ತಿದ್ದವರು, ಹ್ಯಾಲಿವಿಕ್ ಪದ್ಧತಿ ಕಲಿತು ಬಂದಿದ್ದರು. 1949ರಲ್ಲಿ ಲಂಡನ್ನಿನ ಹ್ಯಾಲಿವಿಕ್ ಶಾಲೆಯ ಅಂಗವಿಕಲ ಹೆಣ್ಣುಮಕ್ಕಳಿಗೆ ಜೇಮ್ಸ್ ಮೆಕ್‌ಮಿಲನ್ ಎಂಬ ಎಂಜಿನಿಯರ್ ಈಜು ಕಲಿಸಲು ಹೊರಟು ಕಟ್ಟಿದ ಪದ್ಧತಿ ಅದು. ಟೈರು, ಟ್ಯೂಬು, ತೋಳಿಗೆ ಕಟ್ಟುವ ಗಾಳಿಚೀಲ ಯಾವುದೂ ಇಲ್ಲ. ಒಂದು ಮಗುವಿಗೆ ಒಬ್ಬರು, ಮುಖಕ್ಕೆ ಮುಖ ಕೊಟ್ಟು. ಮೊದಲ ಪಾಠ ಕಾಲಿನದಲ್ಲ, ಉಸಿರಿನದು. ಬಾಯಿ ನೀರಿಗೆ ಬಂದರೆ ಊದಬೇಕು, ಎಳೆದುಕೊಳ್ಳಬಾರದು. ಆಮೇಲೆ ಮಗುಚಿದರೆ ತಿರುಗಿ ಬೆನ್ನ ಮೇಲೆ ಬರುವುದು. ಹಿಡಿದ ಕೈ ಮಗುವಿಗೆ ಬೇಡವಾಗುವಷ್ಟು ನಿಧಾನವಾಗಿ ಹಿಂದೆ ಸರಿಯಬೇಕು. ಮೇಡಂ ಹೇಳುತ್ತಿದ್ದರು: "ನೀವು ಎಷ್ಟು ಹಿಡೀತೀರೋ ಅಷ್ಟು ಅದು ಕಲಿಯಲ್ಲ. ಅದರ ಹತ್ತಿರ ಇರಿ, ಅದರ ಮೇಲೆ ಇರಬೇಡಿ."

ನಮಗೆ ಸಿಕ್ಕ ಕೊಳ ಬೆಚ್ಚಗಿರಲಿಲ್ಲ. ಸಾರ್ವಜನಿಕ ಈಜುಕೊಳವೊಂದರಲ್ಲಿ, ಮಧ್ಯಾಹ್ನ ಯಾರೂ ಬಾರದ ಹೊತ್ತು, ಬಿಸಿಲು ನೀರಿಗೆ ಬಿದ್ದು ಸ್ವಲ್ಪ ಕಾದ ಮೇಲೆ ನಮ್ಮ ಮಕ್ಕಳು. ಡಿಸೆಂಬರಿನಲ್ಲಿ ಬಿಡಲೇಬೇಕಾಗುತ್ತಿತ್ತು. ಸದಸ್ಯರು ಕೆಲವರು ನಮ್ಮ ಮಕ್ಕಳು ಇಳಿದ ನೀರಿಗೆ ತಮ್ಮ ಮಕ್ಕಳನ್ನು ಇಳಿಸುವುದಿಲ್ಲ ಎಂದರು, ಮನವಿ ಬರೆದು ಸಹಿ ಮಾಡಿಸಿದರು. ಓದಿದವರು, ಒಳ್ಳೆಯ ಕೆಲಸದಲ್ಲಿದ್ದವರು. ಸೆರೆಬ್ರಲ್ ಪಾಲ್ಸಿ ಅಂಟುತ್ತದೆ ಎಂದು ಅವರು ನಂಬಿದ್ದರೆಂದು ನನಗೆ ಅನ್ನಿಸಲಿಲ್ಲ. ನೋಡಲು ಆಗುತ್ತಿರಲಿಲ್ಲ, ಅಷ್ಟೆ. ಇಂದಿಗೂ ಆ ಕೋಪ ನನ್ನಲ್ಲಿ ಆರಿಲ್ಲ, ಆರಬೇಕೆಂದೂ ನನಗಿಲ್ಲ.

ತಾಯಂದಿರನ್ನು ನೀರಿಗಿಳಿಸುವುದು ಅದಕ್ಕಿಂತ ದೊಡ್ಡ ಕೆಲಸವಾಯಿತು. ನಗರ್ತಪೇಟೆ, ಕಬ್ಬನ್‌ಪೇಟೆ, ಚಾಮರಾಜಪೇಟೆಗಳಿಂದ ಬರುತ್ತಿದ್ದವರು. ಬಾವಿಯ ಹತ್ತಿರ ಹೋಗಬೇಡ ಎಂದು ಹೇಳಿಸಿಕೊಂಡೇ ಬೆಳೆದ ಹೆಂಗಸರು, ಮಂಡಿಗಿಂತ ಮೇಲೆ ನೀರು ಕಂಡವರಲ್ಲ. ಕಾಸ್ಟ್ಯೂಮ್ ಇಲ್ಲದೆ ಇಳಿಯಕೂಡದು ಎಂದು ಕೊಳದವರು, ಕಾಸ್ಟ್ಯೂಮ್ ತೊಟ್ಟರೆ ಮನೆಯಲ್ಲಿ ಸೇರಿಸುವುದಿಲ್ಲ ಎಂದು ಇವರು. ಕೊನೆಗೆ ಚೂಡಿದಾರ್, ದುಪಟ್ಟಾ ಬೇಡ ಎಂಬಲ್ಲಿಗೆ ರಾಜಿಯಾಯಿತು. ಸೀರೆ ಬಿಟ್ಟು ಬೇರೆ ಉಡದ ಒಬ್ಬಾಕೆ ಮಗಳಿಗಾಗಿ ಮೊದಲ ಚೂಡಿದಾರ್ ಹೊಲಿಸಿದ್ದು ಇದಕ್ಕೇ. ಡೌನ್ ಸಿಂಡ್ರೋಮ್ ಇದ್ದ ಆ ಮಗಳು ನೀರಿಗೆ ಬಿದ್ದ ತಕ್ಷಣ ತಾನೇ ತೇಲಿದಳು, ಹಿಡಿದುಕೊಳ್ಳಬೇಕಾದದ್ದು ತಾಯಿಯನ್ನು. ಅಂಚಿನ ಪೈಪು ಹಿಡಿದು ಕಣ್ಣುಮುಚ್ಚಿ ದೇವರ ಹೆಸರು ಹೇಳುತ್ತಿದ್ದ ಅವರ ಬೆನ್ನ ಮೇಲೆ ಮಗಳೇ ನೀರು ಎರಚಿದಳು. ಆ ಹೆಂಗಸು ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳ ಕುತ್ತಿಗೆಯ ಮೇಲಿನ ಕೀಲು ಸಡಿಲವಿರುತ್ತದೆ, ತಲೆ ಕೆಳಗಾಗಿ ಧುಮುಕಲು ಬಿಡಬಾರದು. ಇಂಥವನ್ನು ಹೇಳಿಕೊಡುವುದು ಸುಲಭ. ನಗುವುದಕ್ಕೆ ಒಂದು ಜಾಗ ಕೊಡುವುದು ಚಿಕಿತ್ಸೆಯ ಪಟ್ಟಿಯಲ್ಲಿ ಇರಲಿಲ್ಲ.

ತರಗುಪೇಟೆಯಿಂದ ಬರುತ್ತಿದ್ದ ಹುಡುಗನೊಬ್ಬ ಮಾತಾಡುತ್ತಿರಲಿಲ್ಲ, ಯಾರಾದರೂ ಮುಟ್ಟಿದರೆ ಕೈ ಕಚ್ಚಿಕೊಳ್ಳುತ್ತಿದ್ದ. ಅವನಿಗಿದ್ದದ್ದು ಆಟಿಸಂ. ಆಗ ಆ ಹೆಸರನ್ನು ಊರಿನ ಬಹುಪಾಲು ಡಾಕ್ಟರುಗಳೇ ಬಳಸುತ್ತಿರಲಿಲ್ಲ. 1995ರ ಅಂಗವಿಕಲರ ಕಾಯ್ದೆ ಗುರುತಿಸಿದ್ದ ಏಳು ಬಗೆಯಲ್ಲಿ ಅದು ಇರಲಿಲ್ಲ, 2016ರ ಕಾಯ್ದೆ ಪಟ್ಟಿಯನ್ನು 21ಕ್ಕೆ ಬೆಳೆಸಿದಾಗ ಸೇರಿತು. ಎದೆಯುದ್ದದ ನೀರಿನಲ್ಲಿ ಆ ಹುಡುಗ ಸುಮ್ಮನಾಗುತ್ತಿದ್ದ, ಮೈಸುತ್ತ ಒಂದೇ ಸಮನಾದ ಒತ್ತಡ ಅವನಿಗೆ ಹಿತವಾಗಿತ್ತು. ಅದನ್ನು ಕಂಡು ನಾವೆಲ್ಲ ಹಿಗ್ಗಿದೆವು. ಅವನ ಅಜ್ಜಿ ಮಾತ್ರ ಹೆದರಿದ್ದರು: "ನೀರು ಕಂಡ್ರೆ ಓಡ್ತಾನಮ್ಮಾ, ಇನ್ನು ಯಾವ ಸಂಪ್ ಮುಚ್ಚಿಡಲಿ ನಾನು?" ಅಜ್ಜಿಯ ಭಯ ಸರಿಯಾದದ್ದು. ಆಟಿಸಂ ಇರುವ ಮಕ್ಕಳು ನೀರಿಗೆ ಸಿಕ್ಕಿ ಸಾಯುವುದು ಉಳಿದ ಮಕ್ಕಳಿಗಿಂತ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ಆಮೇಲೆ ತೋರಿಸಿದವು. ಇಂಥ ಮಗುವಿಗೆ ನೀರಿನ ಹಿತ ಕಲಿಸಿ ಬಿಟ್ಟರೆ ಸಾಲದು. ತಾನಾಗಿ ಬೆನ್ನ ಮೇಲೆ ತೇಲುವುದನ್ನು, ಅಂಚು ಹಿಡಿದು ಮೇಲೆ ಬರುವುದನ್ನು ಕಲಿಸಿದ ಮೇಲೇ ನಮ್ಮ ಕೆಲಸ ಮುಗಿದದ್ದು.

ತಮ್ಮನನ್ನು ಆ ಕೊಳಕ್ಕೆ ಕರೆದುಕೊಂಡು ಹೋದಾಗ ಅವನಿಗೆ ಹದಿಮೂರು. ಆಟೋದಿಂದ ಇಳಿಸಲು ನಾನು ಮತ್ತು ಅಂಗಡಿಯ ಹುಡುಗ, ಇಬ್ಬರೂ ಬೇಕಾಯಿತು. ತೊಟ್ಟಿ ಅವನಿಗೆ ಯಾವಾಗಲೋ ಚಿಕ್ಕದಾಗಿಹೋಗಿತ್ತು. ಅಮ್ಮ ಸೊಂಟಕ್ಕೆ ಸೆರಗು ಬಿಗಿದು, ಯಾರ ಅನುಮತಿಯನ್ನೂ ಕೇಳದೆ ಸೀರೆಯಲ್ಲೇ ಇಳಿದಳು. ನಾನು ಅವನ ತಲೆ ಹಿಡಿದಿದ್ದೆ, ಕಿವಿಯವರೆಗೆ ನೀರು. ಮೊದಲು ಬೆಚ್ಚಿ ತೋಳುಗಳನ್ನು ಎತ್ತಿ ಬಿಗಿದ. ಅಮ್ಮ ಅವನ ಮುಖದ ಮೇಲೆ ಬಾಗಿ "ಊದು ಮರಿ, ಊದು" ಅಂದಳು. ಅವನು ಊದಿದ, ಜೊಲ್ಲಿನ ಜೊತೆಗೆ ಒಂದು ಗುಳ್ಳೆ ಬಂತು. ಸ್ವಲ್ಪ ಹೊತ್ತಿಗೆ ನನ್ನ ಅಂಗೈಯನ್ನು ಒಂದು ಬೆರಳಷ್ಟು ಕೆಳಗಿಳಿಸಿದೆ, ಮತ್ತೆ ಒಂದು ಬೆರಳು. ಅವನ ತಲೆ ನೀರಿನ ಮೇಲೆಯೇ ಇತ್ತು. ಹುಟ್ಟಿದಾಗಿನಿಂದ ಯಾರದಾದರೂ ಕೈ, ಇಲ್ಲವೇ ಚಾಪೆ, ಇಲ್ಲವೇ ಕುರ್ಚಿಗೆ ಕಟ್ಟಿದ ಪಟ್ಟಿ ಅವನನ್ನು ಹಿಡಿದಿತ್ತು. ಈಗ ಯಾರೂ ಹಿಡಿದಿರಲಿಲ್ಲ. ಅವನು ಮಾಡಿದ ಸದ್ದು ನಗುವೋ ಕೂಗೋ ತಿಳಿಯುವಂತಿರಲಿಲ್ಲ, ಆದರೆ ಅಮ್ಮನಿಗೆ ತಿಳಿಯಿತು.

ಆ ದಿನದ ನನ್ನ ನೋಟ್‌ಬುಕ್ಕಿನಲ್ಲಿ ಇದೆಲ್ಲ ಇಲ್ಲ. ಮೊಣಕಾಲು ಎಷ್ಟು ಡಿಗ್ರಿ ನೀಡಿತು, ತೊಡೆ ಎಷ್ಟು ತೆರೆಯಿತು, ಇಷ್ಟೆ. ಆಗಿನ ನಮ್ಮ ಶಾಸ್ತ್ರವೆಲ್ಲ ಕಾಲಿನ ಲೆಕ್ಕ. ತಂದೆತಾಯಂದಿರು ಕೇಳುತ್ತಿದ್ದದ್ದೂ ಒಂದೇ ಪ್ರಶ್ನೆ: ನಡೀತಾನಾ? ನಾವು ಇಲ್ಲವೆನ್ನದೆ "ನೋಡೋಣ" ಎನ್ನುತ್ತಿದ್ದೆವು. 1997ರಲ್ಲಿ ಕೆನಡಾದ ಸಂಶೋಧಕರು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳ ಚಲನೆಯನ್ನು ಐದು ಹಂತಗಳಾಗಿ ವಿಂಗಡಿಸಿದ ಮೇಲೆ ಮಾತು ಸ್ವಲ್ಪ ಪ್ರಾಮಾಣಿಕವಾಯಿತು. ನನ್ನ ತಮ್ಮ ಐದನೆಯ, ಎಲ್ಲಕ್ಕಿಂತ ತೀವ್ರವಾದ ಹಂತದವನು. ಅವನನ್ನು ಯಾವ ಕೊಳವೂ ನಡೆಸುತ್ತಿರಲಿಲ್ಲ. ನೀರಿನ ಚಿಕಿತ್ಸೆಯ ಬಗ್ಗೆ ಈವರೆಗೆ ನಡೆದ ಅಧ್ಯಯನಗಳು ಬಹುಪಾಲು ಚಿಕ್ಕವು, ಕೆಲವೇ ಮಕ್ಕಳನ್ನು ಕೆಲವೇ ವಾರ ನೋಡಿದಂಥವು. ಕೆಲವರಲ್ಲಿ ಚಲನೆ ಸುಧಾರಿಸಿದ್ದು ಅವುಗಳಲ್ಲಿ ಕಾಣುತ್ತದೆ. ನೀರು ರೋಗವನ್ನು ಕಳೆಯುತ್ತದೆ ಎಂದು ಯಾವುದೂ ಹೇಳುವುದಿಲ್ಲ. ಹಾಗಂತ ಜಾಹೀರಾತು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಚಿನ್ನ ಅಡವಿಟ್ಟು ಬರುವ ತಾಯಂದಿರನ್ನು ನಾನು ಬಲ್ಲೆ.

ಇದೇ ಊರು ಬೇರೆ ಬಗೆಯ ಕಥೆಗಳನ್ನೂ ಕೊಟ್ಟಿದೆ. ನಿರಂಜನ್ ಮುಕುಂದನ್ ಬೆನ್ನುಹುರಿಯ ತೊಂದರೆ, ತಿರುಚಿದ ಪಾದಗಳೊಂದಿಗೆ ಹುಟ್ಟಿದ ಬೆಂಗಳೂರಿನ ಹುಡುಗ. ಅವರು ನೀರಿಗಿಳಿದದ್ದು ವೈದ್ಯರ ಸಲಹೆಯಂತೆ, ಚಿಕಿತ್ಸೆಗೆಂದು. ಮುಂದೆ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು. ಬೆಂಗಳೂರಿನವರೇ ಆದ ಶರತ್ ಗಾಯಕ್ವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ಗೆ ಹೋಗಿ, 2014ರ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ತಂದರು. ಇಬ್ಬರ ಬಗ್ಗೆಯೂ ನನಗೆ ಅಪಾರ ಗೌರವ. ಆದರೆ ಪತ್ರಿಕೆಯಲ್ಲಿ ಬಂದ ಅವರ ಫೋಟೋ ಕತ್ತರಿಸಿಟ್ಟುಕೊಂಡು ಬಂದು "ನಮ್ಮವನೂ ಹೀಗಾಗ್ತಾನಾ?" ಎಂದು ಕೇಳುವವರಿಗೆ, ಪದಕವಿಲ್ಲದ ಮಗುವಿಗೂ ನೀರು ಅಷ್ಟೇ ಸಲ್ಲಬೇಕಾದದ್ದು ಅನ್ನುತ್ತೇನೆ. ನಡೆಯದವನು, ಗೆಲ್ಲದವನು, ಅರ್ಧ ಗಂಟೆ ಯಾರ ಕೈಯೂ ಇಲ್ಲದೆ ಮೇಲೆ ನೋಡುತ್ತ ತೇಲುವವನು, ಅವನ ಆ ಅರ್ಧ ಗಂಟೆ ಅವನ ಹಕ್ಕು.

ತಮ್ಮ ಇಪ್ಪತ್ತೊಂದು ತುಂಬುವ ಮೊದಲು ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ. ಅಮ್ಮ ಆಮೇಲೂ ಕೆಲವು ವರ್ಷ ಬೆಳಗಿನ ಜಾವ ಎದ್ದು ತೊಟ್ಟಿ ತುಂಬಿಸುತ್ತಿದ್ದಳು.

ಈಗ ಚಿಕ್ಕಪೇಟೆ, ಮಾರ್ಕೆಟ್ಟುಗಳಲ್ಲಿ ನೆಲದಡಿಯ ಮೆಟ್ರೋ ಇದೆ, 2017ರಿಂದ. ಲಿಫ್ಟಿನಲ್ಲಿ ಗಾಲಿಕುರ್ಚಿ ಇಳಿಯುತ್ತದೆ. ಆದರೆ ಓಣಿಯಿಂದ ಆ ಲಿಫ್ಟಿನವರೆಗೆ ಅದೇ ಕೈಗಾಡಿ, ಅದೇ ಮೂಟೆ, ಅಗೆದ ರಸ್ತೆ, ಈಗಲೂ ತಾಯಂದಿರು ಎತ್ತಿಕೊಂಡೇ ನಡೆಯುತ್ತಾರೆ. ಬಸವನಗುಡಿಯಂಥ ಕಡೆ ಒಳ್ಳೆಯ ಈಜುಕೇಂದ್ರಗಳು ಬಂದು ದೇಶಕ್ಕೆ ಈಜುಗಾರರನ್ನು ಕೊಟ್ಟಿವೆ. ಸ್ಪರ್ಧೆಯ ನೀರು 25ರಿಂದ 28 ಡಿಗ್ರಿ ಇರಬೇಕು, ನಮ್ಮ ಮಕ್ಕಳಿಗೆ ಅದು ತಣ್ಣಗಾಗುತ್ತದೆ. ಒಂದೇ ಕೊಳ ಇಬ್ಬರಿಗೂ ಆಗುವುದಿಲ್ಲ. ಬೇಕಾದದ್ದು ದೊಡ್ಡದೇನಲ್ಲ: ಎದೆಮಟ್ಟದ ಆಳ, ಆರೇಳು ಮಕ್ಕಳು ತಮ್ಮ ತಮ್ಮವರ ಜೊತೆ ಹಿಡಿಸುವಷ್ಟು ಅಗಲ, ಇಳಿಯಲು ಇಳಿಜಾರು, ಬಟ್ಟೆ ಬದಲಿಸಲು ಮಗುವನ್ನು ಮಲಗಿಸುವಂಥ ಒಂದು ಕಟ್ಟೆ. ಊರಿನ ತಾರಸಿಗಳ ಮೇಲೆಲ್ಲ ಸೋಲಾರ್ ಹೀಟರ್ ಇವೆ, ನೀರು ಕಾಯಿಸುವುದು ಈ ಊರಿಗೆ ಹೊಸದಲ್ಲ. ಸರ್ಕಾರಿ ಆಸ್ಪತ್ರೆಯ ಮಗ್ಗುಲಲ್ಲಿ, ಪೇಟೆಯ ತಾಯಿ ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಥದೊಂದನ್ನು ಕಟ್ಟಿ ಎಂದು ನಾನು ಮನವಿ ಕೊಡುತ್ತಲೇ ಇದ್ದೇನೆ.

ಸದ್ಯಕ್ಕೆ ಶಾಲೆಯೊಂದರವರು ಭಾನುವಾರ ಬೆಳಿಗ್ಗೆ ತಮ್ಮ ಕೊಳವನ್ನು ನಮಗೆ ಬಿಡುತ್ತಾರೆ. ಸೋಲಾರ್‌ನಿಂದ 30 ಡಿಗ್ರಿವರೆಗೆ ಬರುತ್ತದೆ, ಪೂರಾ ಸಾಲದು, ಆದರೂ ಆಗುತ್ತದೆ. ಫಿಟ್ಸ್ ಬರುವ ಮಕ್ಕಳಿದ್ದರೆ ಅಂಚಿನಲ್ಲಿ ಇನ್ನೊಬ್ಬರು ನಿಲ್ಲುತ್ತಾರೆ. ನಮ್ಮ ಕಾಲಕ್ಕೂ ಈಗಿನದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ನೀರಿನಲ್ಲಿ ಅಪ್ಪಂದಿರಿದ್ದಾರೆ. ಮಾಮೂಲುಪೇಟೆಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿ ಇಟ್ಟುಕೊಂಡವರೊಬ್ಬರು ಏಳು ವರ್ಷದ ಮಗನನ್ನು ಸ್ಕೂಟರಿನ ಮುಂದೆ ಪಟ್ಟಿ ಕಟ್ಟಿ ಕೂರಿಸಿಕೊಂಡು ಬರುತ್ತಾರೆ. ಅವರಿಗೆ ಈಜು ಬಾರದು. ಮಗನನ್ನು ಬೆನ್ನ ಮೇಲೆ ಮಲಗಿಸಿ, ನಾನು ಹೇಳಿದಂತೆ ಅಂಗೈಯನ್ನು ಒಂದೊಂದೇ ಬೆರಳು ಇಳಿಸುತ್ತ, ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಹೋದ ಭಾನುವಾರ ಮಗ ಮೂರು ಸಲ ಊದುವವರೆಗೆ ಒಬ್ಬನೇ ತೇಲಿದ. ಅವರು ನನ್ನ ಕಡೆ ತಿರುಗಿ, "ಮೇಡಂ, ಇನ್ನರ್ಧ ಗಂಟೆ ಕೊಡ್ಸಿ" ಅಂದರು. ಎಂಟು ಗಂಟೆಗೆ ಕೋಚಿಂಗ್ ಬ್ಯಾಚಿನವರು ಬರುತ್ತಾರೆ, ಅಷ್ಟರಲ್ಲಿ ನಾವು ಕೊಳ ಖಾಲಿ ಮಾಡಬೇಕು ಎಂದು ಹೇಳಿದೆ. ಗಡಿಯಾರ ನೋಡಿ, ಇನ್ನೂ ಆರು ನಿಮಿಷ ಇದೆಯಲ್ಲಾ ಎಂದು ಮತ್ತೆ ಮಗನ ತಲೆಯ ಕೆಳಗೆ ಕೈ ಕೊಟ್ಟರು.